ಹೊರಗ ಕೂಡದ ಮೂರು ತಿಂಗಳು

ಕೊಟ್ಟೂರಿನ ನಮ್ಮ ಓಣಿಯಾಗ ನಾನು ಯಾವತ್ತು ಮುಟ್ಟಾದೆ ಅನ್ನೋದು ಅರ್ಧ ತಾಸಿನಾಗ ಎಲ್ಲರಿಗೂ ಗೊತ್ತಾಗತಿತ್ತು. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ನಮ್ಮದು ಹಿಟ್ಟಿನ ಗಿರಣಿ. ಮುಂದಿನ ಖೋಲಿಯಾಗ ಮಷಿನು, ಹಿಂದಿನ ಎರಡು ಖೋಲಿಯಾಗ ನಾವು ಮೂರು ಮಂದಿ: ನಾನು, ನಮ್ಮನಿಯವರು, ನಮ್ಮತ್ತಿ. ಮನಿಯವರ ಹೆಸರು ನಾನು ಎಂದೂ ಬಾಯಾಗ ತಂದಾಕಿ ಅಲ್ಲ, ಈಗ್ಯಾಕ ತರಲಿ? ಇವರು ಅಂತೀನಿ, ನೀವ ತಿಳ್ಕೊಳ್ರಿ. ಇವರು ಮ್ಯಾಲ ನಿಂತು ಕಾಳು ಸುರಿಯೋರು, ನಾನು ಕೆಳಗ ಕುಂತು ಬಟ್ಟಿ ಚೀಲದ ಬಾಯಿಂದ ಬೀಳೋ ಬಿಸಿ ಹಿಟ್ಟನ್ನ ಡಬ್ಬಿಗೆ ಹಿಡಿಯಾಕಿ. ಆದ್ರ ತಿಂಗಳಾಗ ಮೂರು ದಿನ ನಾನು ಕಾಳು ಮುಟ್ಟಂಗಿಲ್ಲ, ಹಿಟ್ಟು ಮುಟ್ಟಂಗಿಲ್ಲ. ಗಿರಣಿ ಮಗ್ಗಲ ಕಟ್ಟಿ ಮ್ಯಾಲ ಒಂದು ಚಾಪಿ, ಒಂದು ತಂಬಿಗಿ ಇಟ್ಕೊಂಡು ಹೊರಗ ಕೂಡಬೇಕು. "ಮಂದಿ ದೇವರ ಎಡಿಗೆ ಒಯ್ಯೋ ಹಿಟ್ಟವ್ವಾ ಇದು. ಮೈಲಿಗಿ ಆತಂದ್ರ ಪಾಪ ಯಾರಿಗೆ?" ಅಂತಿದ್ರು ನಮ್ಮತ್ತಿ.

ಆ ಮೂರು ದಿನ ಇವರೊಬ್ಬರ ಮ್ಯಾಲೂ ಕೆಳಗೂ ಓಡಾಡತಿದ್ರು, ಹುಬ್ಬಿನ ತನಕ ಹಿಟ್ಟು. ಬೀಸಾಕ ಬಂದ ಹೆಣ್ಮಕ್ಕಳು ಜ್ವಾಳದ ಡಬ್ಬಿ ಪಾಳಿಗೆ ಇಟ್ಟು ಕಟ್ಟಿ ಕಡೆ ತಿರುಗಿ, "ಅಯ್ಯ ಪಾಪ, ಈ ತಿಂಗಳೂ ಆತೇನ?" ಅಂತ ಲೊಚಗುಟ್ಟೋರು. ನನ್ನ ಬಾಯಿ ಸುಮ್ಮನಿರೋ ಬಾಯಲ್ಲ. "ಹೌದವ್ವಾ, ಆತು. ನನ್ನ ಚಿಂತಿ ಬಿಟ್ಟು ನಿನ್ನ ಡಬ್ಬಿ ಯಾರರ ದಾಟಿಸ್ಯಾರೇನು ನೋಡ್ಕೊ ಹೋಗು" ಅಂತಿದ್ದೆ. ಆಕಿ ಆ ಕಡೆ ಹೋದ ಮ್ಯಾಲ ಸೆರಗು ಬಾಯಿಗೆ ತುರುಕಿಕೊಂಡು ಅಳತಿದ್ದೆ. ಆ ಕಟ್ಟಿ ಮುಂದ ಮರಿ ಮಾಡಾಕ ಒಂದು ಪರದೆನೂ ಇರಲಿಲ್ಲ. ಅತ್ತರೂ ಓಣಿಗೆ ಕಾಣತಿತ್ತು.

ಹೊಳಲಿನ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಈ ಮನಿಗೆ ಬಂದಾಕಿ ನಾನು, ತೊಂಬತ್ತರ ದಶಕದ ಶುರುವಿನಾಗ. ಮೊದಲನೇ ವರ್ಷ ಯಾರೂ ಏನೂ ಕೇಳಲಿಲ್ಲ. ಆಮ್ಯಾಗ ಚ್ಯಾಷ್ಟಿ ಶುರುವಾತು, ಚ್ಯಾಷ್ಟಿ ಹೋಗಿ ಹರಕಿ ಆತು, ಹರಕಿ ಹೊತ್ತೂ ಹೊತ್ತೂ ನಮ್ಮತ್ತಿಯ ಮೊಣಕಾಲು ಸವದು ಹೋದ ಮ್ಯಾಲ ದಾವಣಗೆರಿ ಡಾಕ್ಟರ ಹತ್ರ ಹೋದ್ವಿ. ನಸುಕಿನ ಬಸ್ಸು ಹತ್ತಬೇಕು, ಹರಪನಹಳ್ಳಿಯಾಗ ಇಳದು ಬ್ಯಾರೇ ಬಸ್ಸು ಹಿಡಿಯಬೇಕು. ಮೊದಲ ಇವರದ ಪರೀಕ್ಷಾ. ಒಂದು ಸಣ್ಣ ಬಾಟಲಿ ಕೈಯಾಗ ಕೊಟ್ಟು ಪಾಯಖಾನಿ ಕಡೆ ಬಟ್ಟು ತೋರಿಸಿದ್ರು. ಹೊರಗ ಬಂದಾಗ ಇವರ ಮಾರಿ ನೋಡಬೇಕಿತ್ತು ನೀವು, ಕಳವು ಮಾಡಿ ಸಿಕ್ಕೊಂಡವರಂಗ ಆಗಿತ್ತು. ಇವರದು ಏನೂ ದೋಷ ಇಲ್ಲ ಅಂದ್ರು. ಅಂದ ಮ್ಯಾಲ ಉಳದಾಕಿ ನಾನು.

ಮುಟ್ಟಾದ ಐದನೇ ದಿನದಿಂದ ಗುಳಿಗಿ. ಹನ್ನೆರಡನೇ ದಿನದಿಂದ ಹದಿನಾರನೇ ದಿನದ ತನಕ ಜೋಡಿ ಮಲಗೋದು ತಪ್ಪಿಸಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ಇವರು ಮನಿಗೆ ಬಂದ ಕೂಡ್ಲೆ ಕ್ಯಾಲೆಂಡರಿನಾಗ ಆ ದಿನಗಳಿಗೆ ಕೆಂಪು ಸುತ್ತು ಹಾಕಿದ್ರು. ಕ್ಯಾಲೆಂಡರ್ ಇದ್ದದ್ದು ಗಿರಣಿ ಗೋಡಿ ಮ್ಯಾಲ! "ಏನ್ರಿ ಬುದ್ಧಿ ನಿಮಗ?" ಅಂತ ನಾನು ಕಿತ್ತು ಒಳಗ ತಂದೆ. ಆದ್ರೂ ಮುಚ್ಚಿಡೋದು ಹೆಂಗ? ರಾತ್ರಿ ನಮ್ಮತ್ತಿ ಮಲಗತಿದ್ದದ್ದು ನಮ್ಮ ಖೋಲಿಯ ಬಾಗಿಲಾಚಿ, ನಡುವ ಒಂದು ಪರದೆ. ಕೆಮ್ಮಿದ್ರ ಕೇಳತಿತ್ತು. ಅದಕ್ಕ ಆ ದಿನಗಳಾಗ ಮಧ್ಯಾಹ್ನ ಉಂಡು ಅವರು ಚಪ್ಪಲಿ ಹಾಕ್ಕೊಂಡು, "ನಾನು ಟಿವಿ ನೋಡಾಕ ಹೊಕ್ಕೀನ್ರವ್ವಾ, ಎರಡು ತಾಸು ಬರಂಗಿಲ್ಲ" ಅಂತ ಓಣಿಗೆಲ್ಲ ಕೇಳೋ ಹಂಗ ಹೇಳಿ ಹೋಗೋರು. ಪಾಪ, ಒಳ್ಳೇದಕ್ಕ ಮಾಡತಿದ್ರು. ಕರೆಂಟು ಇದ್ದರೂ ಗಿರಣಿ ಮುಚ್ಚಿರೋದು. ಮುಚ್ಚಿದ ಬಾಗಿಲ ಮುಂದ ಡಬ್ಬಿ ಇಟ್ಕೊಂಡು ಕುಂತ ಹೆಣ್ಮಕ್ಕಳು ಕಿಸಿಕಿಸಿ ನಗೋದು ಒಳಗ ನಮಗ ಕೇಳೋದು.

ಆ ನಗು ಕೇಳಿಸಿಕೊಂತ ಗಂಡ ಹೆಂಡ್ತಿ ಆಗ್ರಿ ಅಂದ್ರ ಹೆಂಗ ಆಗತಾರ ಹೇಳ್ರಿ? ಮೊದಮೊದಲು ಇವರು ನನ್ನ ಕಾಡಿಸೋರು, ಹಿಟ್ಟಿನ ಕೈಲೆ ಗಲ್ಲ ಮುಟ್ಟಿ ಬೆಳ್ಳಗ ಮಾಡೋರು. ಅದೆಲ್ಲ ಹೋತು. ಗೋಡಿ ಕಡೆ ಮಾರಿ ಮಾಡಿ, "ಇವತ್ತು ಹದಿನಾಲ್ಕೋ ಹದಿನೈದೋ?" ಅಂತ ಕೇಳೋರು. ನಾನು ಹೇಳತಿದ್ದೆ. ಒಂದು ಮಧ್ಯಾಹ್ನ ಇವರ ಕೈಲೆ ಆಗಲಿಲ್ಲ. ಎದ್ದು ಕುಂತು ತಲಿ ಹಿಡ್ಕೊಂಡ್ರು. ಆಗರ ನಾನು ಸುಮ್ಮನಿರಬೇಕಿತ್ತು, ಇಲ್ಲ. "ದಾವಣಗೆರಿಗೆ ಹೋಗಿ ನಾಯಿ ಬಿದ್ದಂಗ ಬೀಳಾಕಿ ನಾನು, ಗುಳಿಗಿ ನುಂಗಿ ವಾಂತಿ ಮಾಡ್ಕೊಳ್ಳಾಕಿ ನಾನು. ಗಂಡಸಾದೋರು ನಿಮಗ ಇಷ್ಟೂ ಆಗಂಗಿಲ್ಲೇನ್ರಿ?" ಅಂದೆ. ಇವರು ಅಂಗಿ ಹಾಕ್ಕೊಂಡು ಹೋಗಿ ಗಿರಣಿ ಬಾಗಿಲು ತಗದ್ರು.

ಅವತ್ತಿಂದ ಇವರು ನನ್ನ ಜೋಡಿ ಮಾತು ಬಿಟ್ರು. ಡಬ್ಬಿ ಹಿಡಿ, ಚಹಾ ಇಡು, ಇಷ್ಟ. ಕೆಂಪು ಸುತ್ತಿನ ದಿನ ಮಾತ್ರ ಸುಮ್ಮನ ಬಂದು ಮಲಗೋರು, ಸುಮ್ಮನ ಎದ್ದು ಹೋಗೋರು. ಆರೇಳು ತಿಂಗಳು ಹಿಂಗ ಹೋತು. ಕೂಸು ಬ್ಯಾಡ, ಈ ಮನಷ್ಯಾ ಒಂದು ಸಲ ನನ್ನ ಮಾರಿ ನೋಡಿ ನಕ್ಕರ ಸಾಕಪ್ಪಾ ಶಿವನ ಅಂತ ನಾನು ಒಲಿ ಮುಂದ ಕುಂತು ಬೇಡ್ಕೊಂಡಿದ್ದು ನೆನಪೈತಿ.

ಅಂಥಾದ್ರಾಗ ಒಂದು ತಿಂಗಳು ದಿನ ಮುಂದಕ್ಕ ಹೋದ್ವು. ಎರಡು ದಿನ, ನಾಲ್ಕು ದಿನ, ಏಳು ದಿನ. ನಾನು ಕಟ್ಟಿ ಮ್ಯಾಲ ಕುಂತಿಲ್ಲ ಅನ್ನೋದು ಎಲ್ಲರ ಕಣ್ಣಿಗೆ ಬಿತ್ತು. ಬೀಸಾಕ ಬಂದ ಮುದುಕಿಯೊಬ್ಬಾಕಿ ಇವರಿಗೆ, "ಏನಪಾ, ನಿನ್ನ ಹೆಂಡ್ತಿ ಈ ಸಲ ಡಬ್ಬಿ ಬಿಡವಲ್ಲಳು?" ಅಂತ ಕಣ್ಣು ಹೊಡದಳು. ಇವರು ನಕ್ಕರು! ಅವತ್ತು ಮಧ್ಯಾಹ್ನ ನಾನು ಹಿಟ್ಟಿನ ಡಬ್ಬಿ ಎತ್ತಾಕ ಹೋದ್ರ ಓಡಿ ಬಂದು ಕಸಗೊಂಡ್ರು. "ಲೇ, ಭಾರ ಎತ್ತಬ್ಯಾಡ ನೀನು. ಏನರ ಹೆಚ್ಚುಕಡಿಮಿ ಆದ್ರ?" ಅಂದ್ರು. ಏಳು ತಿಂಗಳ ಮ್ಯಾಲ ಕೇಳಿದ ಮಾತದು. ಸಂಜಿಗೆ ಸಂತಿಯಿಂದ ಹುಳಿ ಮಾವಿನಕಾಯಿ ತಂದು ತಾವ ಹೆಚ್ಚಿ, ಉಪ್ಪು ಖಾರ ಹಚ್ಚಿ ಕೊಟ್ರು. ನಮ್ಮತ್ತಿ ದೇವರ ಮುಂದ ತುಪ್ಪದ ದೀಪ ಹಚ್ಚಿದ್ರು. ನಾನೂ ನಂಬಿದೆ. ಹೊಟ್ಟಿ ಮ್ಯಾಲ ಕೈ ಇಟ್ಕೊಂಡು ಮಲಗಿದೆ.

ಹನ್ನೊಂದನೇ ದಿನ ಮುಂಜಾನಿ ಬಚ್ಚಲದಾಗ ನೋಡ್ಕೊಂಡೆ. ಆಗಿತ್ತು.

ಚಾಪಿ ತಗೊಂಡು ಕಟ್ಟಿಗೆ ಹೋಗಬೇಕು, ಅಷ್ಟ. ಐದು ವರ್ಷ ಮಾಡಿದ್ದ ಕೆಲಸ. ಬಚ್ಚಲದಿಂದ ಹೊರಗ ಬಂದ್ರ ಇವರು ಅಂಗಳದಾಗ ಹಲ್ಲು ತಿಕ್ಕೊಂತ ನಿಂತಿದ್ರು. ನನ್ನ ನೋಡಿ ಬಾಯಿ ತುಂಬ ನೊರಿ ಇಟ್ಕೊಂಡ ನಕ್ಕು, "ಏನ್ರಿ ಯಜಮಾನತಿ, ಇವತ್ತು ನೀವು ಬರೇ ಕುಂತಿರ್ರಿ, ಗಿರಣಿ ನಾ ನಡಸ್ತೀನಿ" ಅಂದ್ರು. ನಾಳಿ ಹೇಳಿದ್ರಾತು ಅನ್ಕೊಂಡೆ. ಒಂದ ದಿನ. ಈ ನಗು ಒಂದ ದಿನ ಇರಲಿ.

ಅವತ್ತು ಮುಟ್ಟಾದ ಕೈಲೆ ಊರ ಹಿಟ್ಟು ಹಿಡದೆ. ಬ್ಯಾಡ ಅಂದ್ರೂ ಕುಂತೆ, ಕೂಡದಿದ್ರ ಎಲ್ಲಿ ಅನುಮಾನ ಬರತೈತೋ ಅಂತ. ನಮ್ಮತ್ತಿ, "ನೀನ ದೀಪ ಹಚ್ಚವ್ವಾ, ನಿನ್ನ ಕೈಗುಣ ಈಗ ಚಲೋ ಐತಿ" ಅಂದ್ರು. ಹಚ್ಚಿದೆ. ಎರಡು ಕಡ್ಡಿ ಆರಿ ಮೂರನೇದಕ್ಕ ಹತ್ತಿತು. ಬಟ್ಟಿ ಒಣ ಹಾಕಾಕ ಜಾಗ ಇಲ್ಲ, ನೀರೊಲಿಗೆ ಹಾಕಿ ಸುಟ್ಟೆ. ಮರುದಿನ ಹೇಳಬೇಕು ಅಂದ್ರ ನಿನ್ನಿ ಯಾಕ ಹೇಳಲಿಲ್ಲ ಅನ್ನೋ ಪ್ರಶ್ನಿ. ಮೂರನೇ ದಿನಕ್ಕ ಅದು ಇನ್ನೂ ದೊಡ್ಡದಾತು. ನಾಲ್ಕನೇ ದಿನ ಮುಟ್ಟು ಮುಗೀತು, ನಾನು ಬಸುರಿಯಾಗೇ ಉಳದೆ.

ಡಾಕ್ಟರ ಹತ್ರ ಹೋಗಿದ್ರ ಅವತ್ತ ಬಣ್ಣ ಬಯಲಾಗತಿತ್ತು. ಹೋಗಗೊಡಲಿಲ್ಲ ನಮ್ಮತ್ತಿ. "ಮೂರು ತಿಂಗಳು ತುಂಬೋ ತನಕ ಬಸ್ಸು ಹತ್ತಂಗಿಲ್ಲ, ಯಾರಿಗೂ ಬಾಯಿಬಿಟ್ಟು ಹೇಳಂಗಿಲ್ಲ. ದೃಷ್ಟಿ ತಾಗತೈತಿ. ಆಮ್ಯಾಗ ದಾವಣಗೆರಿಗೆ ಹೋಗಿ ತೋರಿಸ್ಕೊಂಡು ಬರ್ರಿ" ಅಂದ್ರು. ನನಗ ಗಡುವು ಸಿಕ್ತು. ಆ ಗಡುವಿನಾಗ ಖರೇನ ನಿಲ್ಲಬಹುದಲ್ಲ ಅನ್ನೋ ಹುಚ್ಚು ಆಸೆ ಬ್ಯಾರೆ. ಮುಂದಿನ ತಿಂಗಳು ಕಾದೆ. ಸರಿಯಾಗಿ ಅದರ ದಿನಕ್ಕ ಅದು ಬಂತು. ಮತ್ತ ನೀರೊಲಿ, ಮತ್ತ ದೀಪ, ಮತ್ತ ಊರ ಹಿಟ್ಟು.

ಇವರು ಆಗಿನ ದಿನಗಳಾಗ ಹೆಂಗಿದ್ರು ಅಂತ ನಿಮಗ ಹೆಂಗ ಹೇಳಲಿ? ಸಂಜಿಗೆ ಮಷಿನು ನಿಲ್ಲಿಸಿ ಕಾಲು ತೊಳಕೊಂಡು ನನ್ನ ಹತ್ರ ಬಂದು ಕೂಡೋರು. "ಗಂಡಾದ್ರ ಗಿರಣಿಗೆ ಹಾಕಂಗಿಲ್ಲ, ಸಾಲಿಗೆ ಕಳಸ್ತೀನಿ. ಹೆಣ್ಣಾದ್ರೂ ಸಾಲಿಗೆ" ಅನ್ನೋರು. ನಾನು ಹ್ಞೂಂ ಅಂತಿದ್ದೆ. ಒಂದು ಮಾತು ಒಪ್ಕೊಂತೀನಿ, ಬೈದ್ರ ಬೈರಿ. ಆ ಮೂರು ತಿಂಗಳು ನನ್ನ ಬಾಳಿನಾಗಿನ ಸುಖದ ದಿನ. ಸುಳ್ಳಿನ ಮ್ಯಾಲ ಕುಂತಿದ್ರೂ ಸುಖ ಅದು.

ಮೂರು ತಿಂಗಳು ತುಂಬೋ ಹೊತ್ತಿಗೆ ನಮ್ಮವ್ವ ಕಳ್ಳ ಕುಬುಸಕ್ಕ ಬಂದಳು. ನಮ್ಮ ಕಡೆ ಏಳನೇ ತಿಂಗಳಿಗೆ ಊರು ಕರದು ಕುಬುಸ ಮಾಡ್ತಾರ. ಅದಕ್ಕೂ ಮೊದಲ ಯಾರಿಗೂ ಹೇಳದಂಗ ತವರಿನವರು ಹಸಿರು ಸೀರಿ, ಹಸಿರು ಕುಬುಸ ತಂದು ಮನಿ ಮಟ್ಟಿಗೆ ಉಡಿ ತುಂಬ್ತಾರ. ಅದ ಕಳ್ಳ ಕುಬುಸ. ಅವ್ವ ಹಡಗಲಿ ಬಸ್ಸಿಗೆ ಬಂದಳು, ತಲಿ ಮ್ಯಾಲ ಬುಟ್ಟಿ. ಶೇಂಗಾದ ಹೋಳಿಗಿ, ಕರ್ಚಿಕಾಯಿ, ಸೀರಿ. ಆ ಸೀರಿಗೆ ಎಷ್ಟು ದಿನ ಕೂಲಿ ಹೋಗಿದ್ದಳೋ, ಕೇಳೋ ಧೈರ್ಯ ನನಗ ಬರಲಿಲ್ಲ. ನನ್ನ ಗೋಡಿಗೆ ಕುಂದರಿಸಿ ಹಸಿರು ಬಳಿ ಏರಿಸಿದಳು. ನಮ್ಮತ್ತಿ ಉಡಿಯಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಕಣ್ಣೊರಸ್ಕೊಂಡ್ರು. ಇವರು ಬಾಗಿಲದಾಗ ನಿಂತು ನೋಡ್ತಿದ್ರು. ನನಗ ಮೈಯೆಲ್ಲ ಬೆಂಕಿ ಬಿದ್ದಂಗ ಆಗಿತ್ತು. ಇನ್ನೆರಡು ದಿನಕ್ಕ ದಾವಣಗೆರಿಗೆ ಹೋಗೋ ಮಾತು ನಡದಿತ್ತು.

"ನಾಲ್ಕು ದಿನ ತವರಿಗೆ ಹೋಗಿ ಬರ್ತೀನಿ, ಆಮ್ಯಾಗ ಡಾಕ್ಟರ ಹತ್ರ ಹೋಗೂನು" ಅಂದೆ. ಬಸುರಿ ಬಯಕಿ ಅಂದ್ರ ಯಾರು ಇಲ್ಲ ಅಂತಾರ? ಅವ್ವ ಬಸ್ಸಿಗೆ ಮುಂದ ಹೋದಳು. ನನ್ನ ಬಸ್ಸಿಗೆ ಕಳಸಾಕ ಇವರು ಒಪ್ಪಲಿಲ್ಲ. "ಬಸ್ಸಿನಾಗ ಕುಲುಕಾಟ ಬಾಳ. ನಮ್ಮ ಲೂನಾ ಗಾಡಿ ಮ್ಯಾಲ ನಾನು ಮೆಲ್ಲಕ ಕರ್ಕೊಂಡು ಹೊಕ್ಕೀನಿ" ಅಂದ್ರು. ಹಿಂದ ಕೂಡೋ ಜಾಗಕ್ಕ ಹಳೇ ಗಾದಿ ಮಡಿಚಿ ಕಟ್ಟಿದ್ರು. ಎತ್ತಿನ ಬಂಡಿಯೂ ನಮ್ಮನ್ನ ದಾಟಿ ಹೋಗೋವಷ್ಟು ಮೆಲ್ಲಕ ನಡಸಿದ್ರು. ಇಷ್ಟೆಲ್ಲ ಮಾಡಿ, ನಮ್ಮೂರಿನ ಹಾದ್ಯಾಗ ಟ್ರ್ಯಾಕ್ಟರ್ ಗಾಲಿ ಕೊರದಿದ್ದ ತಗ್ಗಿನಾಗ ಮುಂದಿನ ಗಾಲಿ ಇಳದು ಇಬ್ಬರೂ ಮಗ್ಗಲಕ್ಕ ಬಿದ್ವಿ. ನನಗ ಮೊಣಕೈ ತರಚಿತು ಅಷ್ಟ. ಇವರು ನೆಲದ ಮ್ಯಾಲ ಕುಂತು ನನ್ನ ಹೊಟ್ಟಿ ಹಿಡ್ಕೊಂಡು, "ಏನರ ಆತೇನು? ಹೇಳಲೇ, ಏನರ ಆತೇನು?" ಅಂತ ಕೇಳಿದ್ದ ಕೇಳಿದ್ರು. ಏನೂ ಆಗಿಲ್ಲ ಅಂದೆ. ಖರೇನೂ ಏನೂ ಆಗಿರಲಿಲ್ಲ, ಆಗಾಕ ಒಳಗ ಏನಿತ್ತು?

ಇವರು ನನ್ನ ಬಿಟ್ಟು ವಾಪಸ್ ಹೋದ್ರು. ಮೂರನೇ ದಿನ ಮುಟ್ಟು ಬಂತು. ನಾನು ಅವ್ವನ ಮುಂದ ಹೊಟ್ಟಿ ಹಿಡ್ಕೊಂಡು ಕುಂತು, "ಜಾರಿತವ್ವಾ" ಅಂದೆ. ಇಷ್ಟ ಮಾಡಿದ್ದು. ಅವ್ವ ಎದಿ ಬಡಕೊಂಡಳು. ಊರ ಸೂಲಗಿತ್ತಿ ಬಂದು ಹೊಟ್ಟಿ ಒತ್ತಿ ನೋಡಿ, ನನ್ನ ಮಾರಿ ನೋಡಿ, "ಎಲ್ಲ ಹೋಗೇತಿ, ದವಾಖಾನಿ ಬ್ಯಾಡ" ಅಂದಳು. ಆಕಿಗೆ ಗೊತ್ತಾಗಿತ್ತು ಅಂತ ನನಗ ಈಗಲೂ ಅನಸ್ತೈತಿ.

ಇವರು ಸುದ್ದಿ ಕೇಳಿ ಬಸ್ಸಿಗೆ ಬಂದ್ರು. ಲೂನಾ ತರಲಿಲ್ಲ. ಆಮ್ಯಾಲ ಎಂದೂ ಅದನ್ನ ಮುಟ್ಟಲಿಲ್ಲ, ಗಿರಣಿ ಹಿಂದ ನಿಂತು ತುಕ್ಕು ಹಿಡೀತು. ನಾನು ಬೈಸ್ಕೊಳ್ಳಾಕ ತಯಾರಾಗಿ ಕುಂತಿದ್ದೆ. ಬೈಯಲಿಲ್ಲ. ನನ್ನ ಕಾಲಗಡೆ ಕುಂತು, "ತಪ್ಪಾತು" ಅಂದ್ರು. ಯಾರ ತಪ್ಪು, ಯಾತರ ತಪ್ಪು ಅಂತ ನಾನು ಕೇಳಲಿಲ್ಲ. ಕೇಳಿದ್ರ ಅಲ್ಲೇ ಎಲ್ಲ ಹೊರಗ ಬೀಳತಿತ್ತು. ಹೇಡಿ ನಾನು, ಸುಮ್ಮನ ಅತ್ತೆ.

ಕೊಟ್ಟೂರಿಗೆ ಬಂದ ಮ್ಯಾಲ ನಮ್ಮತ್ತಿ ಬಾಣಂತಿಗೆ ಮಾಡಿದಂಗ ಮಾಡಿದ್ರು. ಬಿಸಿನೀರು, ಅಳವಿ ಉಂಡಿ, ತಲಿಗೆ ಬಟ್ಟಿ. ಓಣಿ ಹೆಣ್ಮಕ್ಕಳ ದನಿಯೂ ಬದಲಾತು. ಬಂಜಿ ಅನ್ನೋ ಮಾತು ನಿಂತ ಹೋತು. "ಒಮ್ಮೆ ನಿಂತೈತಲ್ಲ, ಮತ್ತ ನಿಲ್ತೈತಿ ಬಿಡು" ಅಂತ ತಮ್ಮ ಕೂಸುಗಳನ್ನ ನನ್ನ ತೊಡಿ ಮ್ಯಾಲ ಹಾಕಿ ಜ್ವಾಳ ಬೀಸಿಸ್ಕೊಳ್ಳಾಕ ಹೋಗೋರು. ಅದಕ್ಕ ಮೊದಲು ಯಾರೂ ಹಂಗ ಕೊಟ್ಟಿರಲಿಲ್ಲ. ನಾನು ನಾಚಿಗಿ ಬಿಟ್ಟು ಆ ಕೂಸುಗಳನ್ನ ಆಡಿಸಿದೆ.

ಆದ್ರ ಆ "ಒಮ್ಮೆ ನಿಂತೈತಲ್ಲ" ಅನ್ನೋದ ನನ್ನ ಕುತ್ತಿಗಿಗೆ ಬಂತು. ದಾವಣಗೆರಿ ಡಾಕ್ಟರು ಮತ್ತ ಕೇಳಿದಾಗ ನನಗಿಂತ ಮೊದಲ ಇವರು, "ಹೌದ್ರಿ ಸಾಹೇಬ್ರ, ಮೂರು ತಿಂಗಳದ್ದು ಜಾರಿ ಹೋತ್ರಿ" ಅಂದ್ರು. ಡಾಕ್ಟರ ಮಾರಿ ಅರಳಿತು. "ಒಳ್ಳೆ ಲಕ್ಷಣ. ಹಾಗಾದ್ರೆ ಗರ್ಭನಾಳ ತೆರೆದೇ ಇದೆ ಅಂತ ಅರ್ಥ. ಅದರ ಎಕ್ಸ್‌ರೇ ಈಗೇನೂ ಬೇಡ, ಇದೇ ಮಾತ್ರೆ, ಇಂಜೆಕ್ಷನ್ ಮುಂದುವರಿಸೋಣ" ಅಂತ ಫೈಲಿನಾಗ ಬರದ್ರು. ನಾನು ಪಕ್ಕದಾಗ ಕುಂತಿದ್ದೆ, ಬಾಯಿ ತಗೀಲಿಲ್ಲ. ಅಲ್ಲಿಂದ ಆರು ವರ್ಷ. ಸೊಂಟ ತೂತು ಬೀಳೋವಷ್ಟು ಇಂಜೆಕ್ಷನ್, ಮೈ ಬಾತು ಬಳಿ ಏರದಂಗ ಆತು, ತಲಿ ಸುತ್ತಿ ಎರಡು ಸಲ ಮಷಿನಿನ ಬೆಲ್ಟಿನ ಹತ್ರ ಬಿದ್ದೆ. "ಸಾಕ್ರಿ ನನಗ" ಅಂದ್ರ ಇವರು, "ಒಮ್ಮೆ ನಿಂತಿತ್ತಲ್ಲೇ, ಹೆಂಗ ಬಿಡಾಕ ಬರತೈತಿ?" ಅನ್ನೋರು. ಏನು ಹೇಳಲಿ ಆ ಮನಷ್ಯಾಗ? ಮೊದಲಾಗಿದ್ರ ಎರಡು ವರ್ಷಕ್ಕ ಕೈಬಿಟ್ಟು ಸುಮ್ಮನಾಗತಿದ್ರೇನೋ. ಆಸೆ ಹಚ್ಚಿದಾಕಿ ನಾನ.

ಇನ್ನೊಂದು ಹೇಳಬೇಕು. ಇವರು ಅದರ ವಯಸ್ಸು ಎಣಸ್ತಿದ್ರು. ಮಂದಿ ಮುಂದ ಅಲ್ಲ, ನನ್ನ ಮುಂದ ಮಾತ್ರ. ಉಣ್ಣೋ ಹೊತ್ತಿನಾಗ ಸುಮ್ಮನ, "ಇದ್ದಿದ್ರ ಈಗ ಅಂಬೆಗಾಲು ಇಡತಿತ್ತು" ಅನ್ನೋರು. ಮತ್ತೊಂದು ವರ್ಷ, "ಈಗ ಮಾತು ಬರತಿದ್ವು." ಅಂಗನವಾಡಿ ಹುಡುಗರು ಗಿರಣಿ ಮುಂದ ಹಾದು ಹೋದ್ರ ಮಷಿನಿನ ಸಪ್ಪಳದಾಗೂ ಕತ್ತು ಎತ್ತಿ ನೋಡೋರು. ನಾನು ರೊಟ್ಟಿ ಮುರದು ಮುರದು ತಾಟಿನಾಗ ಇಡತಿದ್ದೆ.

ಆರನೇ ವರ್ಷ ಆ ಡಾಕ್ಟರು ಬ್ಯಾರೆ ಕಡೆ ಹೋದ್ರು, ಹೊಸಾ ಡಾಕ್ಟರಮ್ಮ ಬಂದ್ರು. ಫೈಲು ನೋಡಿ, "ಇಷ್ಟು ವರ್ಷ ಟ್ಯೂಬ್ ಎಕ್ಸ್‌ರೇ ಮಾಡಿಸೇ ಇಲ್ವಾ?" ಅಂತ ಸಿಟ್ಟಾದ್ರು. ಮಾಡಿಸಿದ್ರು. ಒಳಗ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ಹೊಡೀತಾರ, ಆ ನೋವು ವೈರಿಗೂ ಬ್ಯಾಡ. ಎರಡೂ ಕಡೆ ಮುಚ್ಚಿತ್ತು. ಎಂದಿನಿಂದ ಮುಚ್ಚಿತ್ತೋ, ಮದಿವ್ಯಾದಾಗಿಂದನೋ, ಅದಕ್ಕೂ ಮೊದಲೋ, ಯಾರಿಗೆ ಗೊತ್ತು. ಆದ್ರ ಡಾಕ್ಟರಮ್ಮ ಫೈಲಿನಾಗ ಬರದದ್ದು ಓದಿ, "ಆ ಗರ್ಭ ಹೋದಾಗ ಸೋಂಕಾಗಿರಬೇಕು. ಅವತ್ತೇ ಆಸ್ಪತ್ರೆಗೆ ಬಂದಿದ್ದರೆ ಹೀಗಾಗ್ತಿರಲಿಲ್ಲ. ಹೇಗೆ ಹೋಯ್ತು ಅದು?" ಅಂದ್ರು. ಇವರು, "ಲೂನಾದಿಂದ ಬಿದ್ದು, ರೀ" ಅಂದ್ರು. "ನಾನ ನಡಸ್ತಿದ್ದೆ."

ಹರಪನಹಳ್ಳಿ ಬಸ್ ಸ್ಟ್ಯಾಂಡಿನಾಗ ಕೊಟ್ಟೂರು ಬಸ್ಸಿಗೆ ಕಾಯ್ಕೊಂತ ಕುಂತಾಗ ಇವರು ಹಣಿ ಹಣಿ ಬಡಕೊಂಡ್ರು. "ಅದನ್ನೂ ನಾನ ಕೊಂದೆ, ಮುಂದ ಬರೋವನ್ನೂ ನಾನ ಕೊಂದೆ." ನಾನು ಕೈ ಹಿಡ್ಕೊಂಡೆ. ಎರಡು ಬಸ್ಸು ತುಂಬಿ ಹೋದ್ವು, ನಾವು ಹತ್ತಲಿಲ್ಲ.

ಅಲ್ಲಿಂದ ಇವರು ಇಳದು ಹೋದ್ರು. ಅನ್ನ ಬಿಟ್ರು. ಗಿರಣಿಗೆ ಹೆಣ್ಮಕ್ಕಳು ಬಂದು ಡಬ್ಬಿ ಇಟ್ರೂ ಇವರು ಮಷಿನು ಚಾಲು ಮಾಡದ ನೋಡ್ಕೊಂತ ಕೂಡೋರು. ನಮ್ಮತ್ತಿ ಎರಡನೇ ಮದಿವಿ ಮಾತು ತಗದ್ರ, "ದೋಷ ಆಕಿದಲ್ಲ ಯವ್ವಾ, ನಾನು ಕೆಡವಿದೆ. ನನಗ ಇನ್ನೊಂದು ಹೆಣ್ಣಿನ ಬಾಳು ಕೆಡಸೋ ಹಕ್ಕಿಲ್ಲ" ಅಂದ್ರು. ಒಂದಿನ ಗಿರಣಿ ಹಿಂದ ಹೋಗಿ ಆ ತುಕ್ಕು ಹಿಡದ ಲೂನಾಕ್ಕ ಕಬ್ಬಿಣದ ಹಾರಿಲೆ ಹೊಡದು ಹೊಡದು ಬೆವತು ಬಿದ್ದಿದ್ರು. ನಾನು ನೀರು ಕುಡಿಸಿದೆ. ಈ ಮನಷ್ಯಾ ಸಾಯ್ತಾನ, ಮಾಡದ ತಪ್ಪಿಗೆ ಸಾಯ್ತಾನ ಅಂತ ನನಗ ಅವತ್ತು ಖಾತ್ರಿ ಆತು. ಹೇಳಿದ್ರ ಇವರು ನನಗ ಉಳಿಯಂಗಿಲ್ಲ. ಹೇಳದಿದ್ರ ಇವರ ಜೀವಾನ ಉಳಿಯಂಗಿಲ್ಲ. ಎಂಟು ದಿನ ಇದ ಯೋಚನಿ ಮಾಡಿದೆ. ನಮ್ಮತ್ತಿ ಹರಪನಹಳ್ಳಿಗೆ ಮಗಳ ಮನಿಗೆ ಹೋದ ದಿನ ಹೇಳಿಬಿಡೋದು ಅಂತ ಗಟ್ಟಿ ಮಾಡ್ಕೊಂಡೆ.

ಮಧ್ಯಾಹ್ನ. ಕರೆಂಟು ಇರಲಿಲ್ಲ. ಬಾಗಿಲ ಹೊರಗ ನಾಲ್ಕು ಡಬ್ಬಿ ಪಾಳಿಗೆ ಇದ್ವು, ಹೆಣ್ಮಕ್ಕಳು ನೆಳ್ಳಿಗೆ ಕುಂತಿದ್ರು. ಇವರು ಒಳಗ ಬೀಸೋ ಕಲ್ಲು ಬಿಚ್ಚಿ ಉಳಿಲೆ ಕುಟ್ಟಿಕೊಂತ ಕುಂತಿದ್ರು. ನಾನು ಎದುರಿಗೆ ಕುಂತು ಹೇಳಿದೆ. ಬಚ್ಚಲದ ಮುಂಜಾನಿಯಿಂದ ಹಿಡದು ಸೂಲಗಿತ್ತಿ ತನಕ ಒಂದೂ ಬಿಡದಂಗ ಹೇಳಿದೆ. ಕುಟ್ಟೋದು ನಿಂತು ಹೋತು.

"ಎರಡೂ ತಿಂಗಳು ಬಂದಿತ್ತೇನು?"

"ಬಂದಿತ್ರಿ."

"ನಮ್ಮವ್ವ ಉಡಿ ತುಂಬಿದಾಗ?"

"ಏನೂ ಇರಲಿಲ್ರಿ."

"ನಾನು ಗಾದಿ ಕಟ್ಟಿದಾಗ?"

"ಇಲ್ರಿ. ಏನೂ ಇರಲಿಲ್ಲ. ನೀವು ಯಾರನ್ನೂ ಕೊಂದಿಲ್ಲ. ನಿಮ್ಮದು ಒಂದ ಕಾಳಿನಷ್ಟೂ ತಪ್ಪಿಲ್ಲ. ತಪ್ಪೆಲ್ಲ ನಂದು, ಹೊಡೀರಿ ನನಗ, ಆ ಉಳಿ ತಗೊಂಡ ಹೊಡೀರಿ" ಅಂದೆ. ಇವರ ಎದಿ ಮ್ಯಾಲಿನ ಭಾರ ಇಳಿಸಿದೆ, ಇನ್ನು ನನ್ನ ಏನರ ಮಾಡಲಿ, ಇವರಾದ್ರೂ ಬದುಕ್ತಾರ ಅನ್ಕೊಂಡಿದ್ದೆ. ಎಂಥಾ ಮೂಳಿ ನಾನು.

ಇವರು ಉಳಿ ಕೆಳಗಿಟ್ರು. ನನ್ನ ಮಾರಿ ನೋಡಿದ್ರು. ಸಿಟ್ಟು ಇರಲಿಲ್ಲ ಆ ಕಣ್ಣಾಗ, ಇದ್ದಿದ್ರ ಚಲೋ ಇತ್ತು.

"ಕೊಂದಿದ್ರ ಚಲೋ ಇತ್ತಲ್ಲೇ" ಅಂದ್ರು. "ಕೊಂದಿದ್ರ, ಒಂದು ಇತ್ತು ಅಂತ ಇರತಿತ್ತು. ಆರು ವರ್ಷ ನನಗೊಂದು ಇತ್ತು."

ಅಷ್ಟಂದು ಅಳಾಕ ಶುರು ಮಾಡಿದ್ರು. ಗಂಡಸು ಹಂಗ ಅಳೋದು ನಾನು ಎಂದೂ ಕೇಳಿರಲಿಲ್ಲ. ಹೆಣದ ಮುಂದ ಕುಂತು ಅಳೋ ಅಳು, ದನಿ ತಗದು, ಕಲ್ಲಿಗೆ ತಲಿ ಇಟ್ಟು. ಹೊರಗಿನ ಹೆಣ್ಮಕ್ಕಳು ಡಬ್ಬಿ ಬಿಟ್ಟು ಬಾಗಿಲಕ್ಕ ಓಡಿ ಬಂದ್ರು. ನಮ್ಮತ್ತಿ ಊರಾಗಿಲ್ಲ ಅಂತ ಅವರಿಗೆ ಗೊತ್ತಿತ್ತು, ಏನೋ ಕೆಟ್ಟ ಸುದ್ದಿ ಬಂದೈತಿ ಅನ್ಕೊಂಡು ಒಬ್ಬಾಕಿ ನನ್ನ ರಟ್ಟಿ ಹಿಡದು ಅಲ್ಲಾಡಿಸಿದಳು.

"ಯಾರು ಹೋದ್ರವ್ವಾ? ಯಾರು ತೀರಿಕೊಂಡ್ರು?"

"ಯಾರೂ ಇಲ್ಲ" ಅಂದೆ.

ಅದನ್ನ ಕೇಳಿ ಇವರ ಅಳು ಇನ್ನೂ ಜೋರಾತು.